ತುಳುಕದ ಲೋಟ

ಜೂನ್ ೯

ಅಪ್ಪಾ,

ತಲುಪಿದ್ದು, ಕೆಲಸಕ್ಕೆ ಹಾಜರಾಗಿದ್ದು ಎಲ್ಲವನ್ನೂ ಅಮ್ಮನಿಗೆ ಫೋನಿನಲ್ಲಿ ಹೇಳಿಯಾಗಿದೆ. ನಿಮಗೂ ಹೇಳಲು ಹೋದೆ. ನೀವು "ಆಂ? ಆಂ?" ಎಂದು ಕೂಗಿ ಫೋನನ್ನು ಅಮ್ಮನ ಕೈಗೇ ತುರುಕಿದಿರಿ. ಹಳೇ ಬಸ್ಸುಗಳ ಎಂಜಿನ್ ಪಕ್ಕದಲ್ಲಿ ಜನ್ಮ ಸವೆಸಿದ ಕಿವಿ ಅದು, ಬೈದು ಪ್ರಯೋಜನವಿಲ್ಲ. ಆದ್ದರಿಂದ ಇನ್ನು ಮೇಲೆ ನಿಮಗೆ ಕಾಗದ.

ನನ್ನ ಕೋಣೆ ಇಸ್ತ್ರಿ ಅಂಗಡಿಯ ಮೇಲಿದೆ. ಕೆಳಗಿನ ಬಿಸಿಯೆಲ್ಲ ನೆಲದಿಂದ ಮೇಲೇರುತ್ತದೆ, ಬೆಳಿಗ್ಗೆ ಚಪ್ಪಲಿ ಇಲ್ಲದೆ ಓಡಾಡಿದರೆ ಕಾಲು ಬೆಚ್ಚಗಿರುತ್ತದೆ. ನನಗೆ ಬಸ್ಸು ಓಡಿಸಲು ಕೊಟ್ಟಿರುವ ದಾರಿ ರೈಲು ನಿಲ್ದಾಣದಿಂದ ಬಟ್ಟೆ ಕಾರ್ಖಾನೆಯ ಗೇಟಿನವರೆಗೆ. ಮಧ್ಯೆ ಒಂದು ಇಳಿಜಾರು, ಒಂದು ಮಾರುಕಟ್ಟೆ, ಲೆಕ್ಕವಿಲ್ಲದಷ್ಟು ಸೈಕಲ್ಲು.

ಮೊದಲನೇ ದಿನವೇ ನಿಮ್ಮ ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಬಾನೆಟ್ ಮೇಲೆ ಇಟ್ಟೆ. ಕಂಡಕ್ಟರ್ ಹಿರಿಯರು, ಬಾಯಿ ತುಂಬ ಜೋರು. "ಏನಮ್ಮ, ಅಷ್ಟೊಂದು ಬಾಯಾರಿಕೆನಾ?" ಎಂದರು. "ಕುಡಿಯೋಕಲ್ಲ ಸಾರ್, ತುಳುಕ್ಸದೆ ತಗೊಂಡ್ ಹೋಗೋಕೆ" ಎಂದೆ. ಕಾರ್ಖಾನೆ ತಲುಪಿದಾಗ ಬಾನೆಟ್ ಮೇಲೆ ಒಂದು ಹನಿಯೂ ಇರಲಿಲ್ಲ. ಈಗ ಅವರೇ ಹತ್ತಿದವರಿಗೆಲ್ಲ ಲೋಟ ತೋರಿಸುತ್ತಾರೆ, ತಾವೇ ಕಂಡುಹಿಡಿದವರ ಹಾಗೆ. ನಿನ್ನೆ ಕಾರ್ಖಾನೆಯ ಹೆಂಗಸೊಬ್ಬಳು ಮಾರುಕಟ್ಟೆಯ ಗದ್ದಲದಲ್ಲಿ ನಿಂತುಕೊಂಡೇ ಸೂಜಿಗೆ ದಾರ ಪೋಣಿಸಿದಳು. ಕನ್ನಡಿಯಲ್ಲಿ ನೋಡಿದೆ. ಹಾಲು ಕುಡಿದಷ್ಟು ಸಂತೋಷವಾಯಿತು.

ಪಾಳಿ ಮುಗಿದ ಮೇಲೆ ಮಾತ್ರ ನನಗೆ ಕೂರಲಾಗುವುದಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತೇನೆ. ಕೆಳಗಿನ ಇಸ್ತ್ರಿಯವರು ಛಾವಣಿಗೆ ಕೋಲಿನಿಂದ ಕುಟ್ಟಿದರು. ನೀವು ನಿವೃತ್ತಿಯಾದ ಮೇಲಾದರೂ ಒಂದು ಕಡೆ ಕೂರುತ್ತಿದ್ದೀರಾ?

ನಿಮ್ಮ ಬುಗುರಿ


ಜೂನ್ ೨೭

ಬುಗುರಿಗೆ,

ನಿನ್ನ ಕಾಗದವನ್ನು ನಮ್ಮ ತರಬೇತಿ ಶಾಲೆಗೆ ತೆಗೆದುಕೊಂಡು ಹೋಗಿ ಓದಿ ತೋರಿಸಿ ಬಂದೆ. ನನ್ನ ಜಾಗಕ್ಕೆ ಬಂದಿರುವ ಹೊಸ ಮೇಷ್ಟ್ರು ಲೋಟದ ಪಾಠವನ್ನು ಮೂಲೆಗೆ ಹಾಕಿದ್ದಾನೆ. ಅವನಿಗೆ ಕೇಳಿಸಲೆಂದೇ ಸೂಜಿ ದಾರದ ಸಾಲನ್ನು ಎರಡು ಸಲ ಓದಿದೆ.

ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಮಾಡಿದವನು ಬಸ್ಸು ಹತ್ತಿದವನಲ್ಲ. ತುಂಬಿದ್ದೇ ಮೊದಲು ತುಳುಕುವುದು. ನಿನ್ನ ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ ಇನ್ನೂ ನನ್ನ ಬಳಿಯೇ ಇದೆ. ಬಲ ಮತ್ತು ಚಲನೆಯ ಪಾಠ, ನೀನು ಚಿತ್ರದಲ್ಲಿರುವ ಹುಡುಗನಿಗೆ ಮೀಸೆ ಬರೆದ ಪುಟ. ಅದನ್ನು ಇಟ್ಟುಕೊಂಡೇ ನಾನು ಎಷ್ಟೋ ಡ್ರೈವರುಗಳಿಗೆ ಪಾಠ ಹೇಳಿದೆ. ಸುಮ್ಮನಿರುವ ವಸ್ತು ಸುಮ್ಮನೇ ಇರುತ್ತೇನೆಂದು ಹಟ ಹಿಡಿಯುತ್ತದೆ, ಓಡುವ ವಸ್ತು ಓಡುತ್ತಲೇ ಇರುತ್ತೇನೆಂದು ಹಟ ಹಿಡಿಯುತ್ತದೆ, ಹೊರಗಿನಿಂದ ಒಂದು ಬಲ ಬಂದು ಬೀಳುವವರೆಗೆ. ಪುಸ್ತಕದವರು ಇದನ್ನು ಜಡತ್ವ ಎನ್ನುತ್ತಾರೆ. ನಿನ್ನ ಅಮ್ಮ ಇದನ್ನು ನನ್ನ ಸ್ವಭಾವ ಎನ್ನುತ್ತಾಳೆ.

ಡ್ರೈವರ್ ಬ್ರೇಕ್ ಒತ್ತಿದಾಗ ಚಕ್ರ ನಿಲ್ಲುತ್ತದೆ, ಸೀಟು ನಿಲ್ಲುತ್ತದೆ, ಕಂಬಿ ನಿಲ್ಲುತ್ತದೆ. ನಿಂತಿರುವ ಮುದುಕಿಗೆ ಮಾತ್ರ ಸುದ್ದಿ ತಲುಪಿರುವುದಿಲ್ಲ, ಅವಳು ಹಿಂದಿನ ವೇಗದಲ್ಲೇ ಹೋಗುತ್ತಿರುತ್ತಾಳೆ. ನಿನ್ನ ಅಜ್ಜಿ ಹಾಗೆಯೇ ಹೋದಳು. ಯಾವನೋ ಒಬ್ಬ ಕಾಲನ್ನು ಸುತ್ತಿಗೆಯ ಹಾಗೆ ಬ್ರೇಕಿನ ಮೇಲೆ ಹಾಕಿದ. ಅವಳು ಮುಂದಿನ ಸೀಟಿಗೆ ಹೋಗಿ ಬಿದ್ದು ಸೊಂಟ ಮುರಿದುಕೊಂಡಳು, ಆಮೇಲೆ ಕೊನೆಯವರೆಗೂ ಕೋಲು ಬಿಡಲಿಲ್ಲ. ಆಗ ನಾನಿನ್ನೂ ಲೈಸೆನ್ಸ್ ತೆಗೆದುಕೊಂಡಿರಲಿಲ್ಲ. ವೇಗವನ್ನು ನಿಧಾನವಾಗಿ ಇಳಿಸಿದರೆ ಚಿಕ್ಕ ಬಲ ಸಾಕು, ಥಟ್ಟನೆ ಇಳಿಸಲು ದೊಡ್ಡ ಬಲ ಬೇಕು. ಆ ದೊಡ್ಡ ಬಲ ಜನರ ಮೂಳೆಯ ಮೇಲೆ ಬೀಳುತ್ತದೆ. ನೀರು ತುಳುಕಲಿಲ್ಲವೆಂದರೆ ಮುದುಕಿ ಬೀಳಲಿಲ್ಲವೆಂದು ಅರ್ಥ. ಇಷ್ಟೇ ನನ್ನ ವಿದ್ಯೆ, ಅದು ಈಗ ನಿನ್ನ ಕಾಲಿನಲ್ಲಿದೆ.

ನಾನು ಚೆನ್ನಾಗಿ ಕೂರುತ್ತಿದ್ದೇನೆ.

ಅಪ್ಪ

ಕೂರುವುದೂ ಇಲ್ಲ, ಏನೂ ಇಲ್ಲ. ಟೀವಿ ನೋಡುವಾಗಲೂ ಬಲಗಾಲಲ್ಲಿ ನೆಲ ಒತ್ತುತ್ತಾರೆ. ತಿಂಡಿಗೆ ಕರೆದರೆ ಗೇರ್ ಬದಲಾಯಿಸಿ ಬರುತ್ತಾರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. — ಅಮ್ಮ


ಆಗಸ್ಟ್ ೨೧

ಅಪ್ಪಾ,

ಈ ಕಾಗದವನ್ನು ಎಷ್ಟು ಸಲ ಶುರು ಮಾಡಿ ಹರಿದೆನೋ ಗೊತ್ತಿಲ್ಲ. ಮೊದಲು ಮುಖ್ಯವಾದದ್ದು: ಅವರು ಬದುಕಿದ್ದಾರೆ.

ಹೋದ ವಾರ ನನ್ನ ಬಸ್ಸು ಒಬ್ಬರಿಗೆ ಬಡಿಯಿತು. ಒಲೆ ರಿಪೇರಿ ಮಾಡುವವರು, ಸೈಕಲ್ಲಿನ ಹಿಂದೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ನನ್ನ ಮುಂದೆ ಹೋಗುತ್ತಿದ್ದರು. ಮನೆ ಕಟ್ಟುವವರು ರಸ್ತೆ ಬದಿಯಲ್ಲಿ ಮರಳು ಸುರಿದಿದ್ದರು. ಅವರ ಮುಂದಿನ ಚಕ್ರ ಮರಳಿನ ಮೇಲೆ ಜಾರಿತು. ಸೈಕಲ್ ಒಂದು ಕಡೆ, ಅವರು ನನ್ನ ದಾರಿಗೆ ಅಡ್ಡ. ನಾನು ನೋಡಿದೆ. ತಕ್ಷಣ ನೋಡಿದೆ. ದೂರವೂ ಇತ್ತು ಅಪ್ಪಾ, ಧಾರಾಳವಾಗಿ ಅಲ್ಲ, ಆದರೆ ಸಾಕಾಗುವಷ್ಟು ಇತ್ತು. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಹೋಗಿ, ನೀವು ಕಲಿಸಿದ ಹಾಗೆಯೇ, ಮಲಗಿದ ಮಗುವಿನ ಮೇಲೆ ಕೈ ಇಡುವ ಹಾಗೆ ಒತ್ತಿತು. ನಾನು ಒಳಗೆ ಕಿರುಚುತ್ತಿದ್ದೆ, ಕಾಲು ಕೇಳಲಿಲ್ಲ. ಬಸ್ಸು ಮೆಲ್ಲಗೆ, ಬಹಳ ಮೆಲ್ಲಗೆ ಹೋಗಿ ಅವರ ಕಾಲನ್ನು ಒತ್ತಿ ನಿಂತಿತು.

ಒಳಗೆ ಯಾರಿಗೂ ಗೊತ್ತಾಗಲಿಲ್ಲ. ಸೂಜಿಯ ಹೆಂಗಸು "ಯಾಕೆ ನಿಲ್ತು, ಸ್ಟಾಪ್ ಬಂತಾ?" ಎಂದು ಕೇಳಿದಳು. ಹಿಂದಿನ ಸೀಟಿನಲ್ಲಿ ಒಬ್ಬರು ನಿದ್ದೆಯಿಂದ ಏಳಲೇ ಇಲ್ಲ. ಕೆಳಗಿಳಿದು ಓಡುವ ಮೊದಲು ನನ್ನ ಕಣ್ಣು ಬಾನೆಟ್ ಮೇಲೆ ಹೋಯಿತು. ಲೋಟ ಅಂಚಿನವರೆಗೆ ತುಂಬಿತ್ತು. ಒಂದು ಹನಿ ಹೊರಗಿರಲಿಲ್ಲ.

ಡಿಪೋ ಮ್ಯಾನೇಜರ್ ರಸ್ತೆ ನೋಡಿಕೊಂಡು ಬಂದು ಕೇಳಿದರು: "ಟೈರ್ ಉಜ್ಜಿದ ಗುರುತೇ ಇಲ್ವಲ್ಲಮ್ಮ. ಬ್ರೇಕ್ ಹಾಕಿದ್ಯೋ ಇಲ್ವೋ?" ಹಾಕಿದೆ ಎಂದರೆ ಅವರು ನಂಬುತ್ತಿಲ್ಲ. ನಂಬಿದ್ದರೆ ಇನ್ನೂ ಕಷ್ಟವಾಗುತ್ತಿತ್ತೇನೋ. ನನ್ನನ್ನು ಬಸ್ಸು ತೊಳೆಯುವ ಕಡೆಗೆ ಹಾಕಿದ್ದಾರೆ.

ಆಸ್ಪತ್ರೆಗೆ ಹೋಗಿ ಒಲೆಯವರನ್ನು ನೋಡಿ ಬಂದೆ. ಮೊಣಕಾಲಿನ ಕೆಳಗೆ ಮೂಳೆ ಮುರಿದಿದೆ. ಬೈಯಲಿ ಎಂದೇ ಹೋಗಿದ್ದೆ. ಅವರು "ವಿಚಿತ್ರ ಏನ್ ಗೊತ್ತಾಮ್ಮ, ಹೊಡೀತು ಅಂತ್ಲೇ ಅನ್ನಿಸ್ಲಿಲ್ಲ. ಸಾಲಲ್ಲಿ ಹಿಂದಿರೋರು ತಳ್ತಾರಲ್ಲ, ಹಾಗಿತ್ತು" ಎಂದರು. ಆಮೇಲೆ ನನಗೆ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಅಲ್ಲಿಂದ ಡಿಪೋವರೆಗೆ ನಡೆದೇ ಬಂದೆ.

ಏನಾದರೂ ಹೇಳಿ ಅಪ್ಪಾ.

ಬುಗುರಿ


ಸೆಪ್ಟೆಂಬರ್ ೨

ಬುಗುರಿಗೆ,

ನಿನ್ನ ಕಾಗದ ಬಂತು. ಓದಿದೆ.

ಚಿಕ್ಕ ಬಲಕ್ಕೆ ದೊಡ್ಡ ದೂರ ಬೇಕು, ಇದು ನಿನಗೆ ಗೊತ್ತಿದ್ದದ್ದೇ. ಲೋಟ ಇಟ್ಟುಕೊಂಡ ಡ್ರೈವರ್ ಉಳಿದವರಿಗಿಂತ ಮುಂದಕ್ಕೆ ನೋಡಬೇಕು. ಮರಳಿನ ಮೇಲೆ ಘರ್ಷಣೆ ಕಡಿಮೆ, ಸೈಕಲ್ ಜಾರೀತು ಎಂದು ಮೊದಲೇ ಊಹಿಸಿ ವೇಗ ಇಳಿಸಬೇಕಿತ್ತು. ಇದರಲ್ಲಿ ಲೋಟದ ತಪ್ಪೇನೂ ಇಲ್ಲ. ಮೂವತ್ತು ವರ್ಷದಲ್ಲಿ ನನ್ನ ಕೈಕೆಳಗೆ ಕಲಿತ ಯಾರ ಬಸ್ಸಿನಲ್ಲೂ ಯಾರೂ ಬಿದ್ದಿಲ್ಲ.

ಧೈರ್ಯವಾಗಿರು.

ಅಪ್ಪ


ಸೆಪ್ಟೆಂಬರ್ ೧೪

ಅಪ್ಪನಿಗೆ,

ನಾನು ಪಾಠ ಕೇಳಿರಲಿಲ್ಲ. ಪಾಠ ನನಗೆ ಬರುತ್ತದೆ. ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದೂ ನನಗೆ ಗೊತ್ತಿರಬೇಕಿತ್ತು.

ನಿಮ್ಮ ಬಸ್ಸುಗಳ ಒಳಗೆ ಯಾರೂ ಬಿದ್ದಿಲ್ಲ, ನಿಜ. ನನ್ನ ಬಸ್ಸಿನೊಳಗೂ ಬೀಳಲಿಲ್ಲ. ಒಲೆಯವರು ಹೊರಗಿದ್ದರು. ಮುಂದಕ್ಕೆ ನೋಡು ಎನ್ನುತ್ತೀರಿ. ನಾನು ಕಲಿತ ಮೈದಾನದಲ್ಲಿ ಮುಂದಕ್ಕೆ ನೋಡಿದರೆ ಹುಲ್ಲು, ಇನ್ನೂ ಮುಂದಕ್ಕೆ ನೋಡಿದರೆ ಇನ್ನೂ ಹುಲ್ಲು. ಅಲ್ಲಿ ದೂರಕ್ಕೆ ಬರವೇ ಇರಲಿಲ್ಲ. ಇಲ್ಲಿ ಮಾರುಕಟ್ಟೆಯಲ್ಲಿ ದೂರ ಎಲ್ಲಿಂದ ತರಲಿ?

ಇನ್ನೊಂದು ಹೇಳಿ ಮುಗಿಸುತ್ತೇನೆ. ಬುಧವಾರ ನನಗೆ ಮತ್ತೆ ಪರೀಕ್ಷೆ ಇಟ್ಟಿದ್ದರು. ಡಿಪೋ ಅಂಗಳದಲ್ಲಿ ಖಾಲಿ ಡ್ರಮ್ ನಿಲ್ಲಿಸಿ, ಬಸ್ಸು ಬರುವಾಗ ಥಟ್ಟನೆ ಕೆಂಪು ಬಾವುಟ ಬೀಸುತ್ತಾರೆ. ಡ್ರಮ್ಮಿಗೆ ತಾಗದೆ ನಿಲ್ಲಿಸಬೇಕು. ಬಾವುಟ ಬೀಸುತ್ತಾರೆಂದು ಗೊತ್ತಿತ್ತು, ಎಲ್ಲಿ ಎಂದೂ ಗೊತ್ತಿತ್ತು. ಹಿಂದಿನ ದಿನವೆಲ್ಲ ನೆಲಕ್ಕೆ ಕಾಲು ಬಡಿದು ಅಭ್ಯಾಸ ಮಾಡಿದ್ದೆ, ಇಸ್ತ್ರಿಯವರು ಮೇಲಕ್ಕೇ ಬಂದು ಜಗಳವಾಡಿದ್ದರು. ಬಾವುಟ ಬೀಸಿದರು. ನನ್ನ ಕಾಲು ಮೆತ್ತಗೆ ಇಳಿಯಿತು. ಡ್ರಮ್ ಡಣ್ ಎಂದು ಬಿದ್ದು ಅಂಗಳದ ತುದಿಯವರೆಗೆ ಉರುಳಿತು. ಎಲ್ಲರೂ ಅದು ನಿಲ್ಲುವವರೆಗೆ ನೋಡುತ್ತಿದ್ದರು.

ನವೆಂಬರಿನಲ್ಲಿ ಇನ್ನೊಂದು ಅವಕಾಶವಿದೆ, ಅದೇ ಕೊನೆಯದು. ಅದರಲ್ಲೂ ಹೀಗೇ ಆದರೆ ಸ್ಟೀರಿಂಗ್ ಇನ್ನು ನನ್ನ ಕೈಗೆ ಬರುವುದಿಲ್ಲ, ಕಾಯಂ ಆಗಿ ತೊಳೆಯುವ ಕೆಲಸ. ನಾನು ಹೋಗುವುದಿಲ್ಲ ಎಂದುಕೊಂಡಿದ್ದೇನೆ.

ಲೋಟವನ್ನು ಪಾರ್ಸೆಲ್ ಮಾಡಿದ್ದೇನೆ. ನಿಮ್ಮದು ನಿಮಗೇ ಇರಲಿ.

ಮಗಳು


ಅಕ್ಟೋಬರ್ ೧೭

ಬುಗುರೀ,

ನಾನು, ಅಮ್ಮ. ಫೋನಿನಲ್ಲಿ ಕೇಳಿದರೆ ನೀನು "ಚೆನ್ನಾಗಿದೀನಿ" ಅಂತ ಒಂದೇ ಮಾತು ಹೇಳಿ ಇಟ್ಟುಬಿಡ್ತೀಯ. ಅದಕ್ಕೆ ನಾನೂ ನಿಮ್ಮಿಬ್ಬರ ಅಂಚೆ ವ್ಯವಹಾರಕ್ಕೆ ಇಳಿದಿದ್ದೇನೆ.

ನಿಮ್ಮಪ್ಪ ನಿನಗೆ ಉತ್ತರ ಬರೆಯಲಿಲ್ಲ ಅಂದುಕೊಂಡಿದ್ದೀಯ. ದಿನಾ ಬರೆಯುತ್ತಾರೆ. ಬರೆದು, ಮುದ್ದೆ ಮಾಡಿ, ಕಸದ ಬುಟ್ಟಿಗೆ ಎಸೆಯುತ್ತಾರೆ. ಅದೂ ಬುಟ್ಟಿಗೆ ಸರಿಯಾಗಿ ಬೀಳುವುದಿಲ್ಲ, ಎತ್ತಿ ಹಾಕುವವಳು ನಾನು. ಪಾರ್ಸೆಲ್ ಬಂದ ದಿನ ಲೋಟಕ್ಕೆ ನೀರು ತುಂಬಿ, ಕೈಯಲ್ಲಿ ಹಿಡಿದು, ಹಿತ್ತಲಿಂದ ಬಾಗಿಲಿಗೆ ನಡೆದರು, ಮತ್ತೆ ಬಾಗಿಲಿಂದ ಹಿತ್ತಲಿಗೆ. ಕೇಳಿದರೆ "ಯೋಚನೆ ಮಾಡ್ತಿದೀನಿ" ಅಂದರು. ಮಾರನೆಯ ದಿನದಿಂದ ಇನ್ನೊಂದು ಹೊಸ ಹುಚ್ಚು. ಬೆಳಿಗ್ಗೆ ಬಸ್ಸು ಹತ್ತುವುದು, ಕಂಬಿ ಹಿಡಿಯದೆ ನಡುವೆ ನಿಲ್ಲುವುದು, ಕೊನೆಯ ಸ್ಟಾಪಿನವರೆಗೆ ಹೋಗುವುದು, ವಾಪಸು ಬರುವುದು. ಕಂಡಕ್ಟರುಗಳು "ಅಜ್ಜಾ, ಕಂಬಿ ಹಿಡ್ಕೊಳ್ಳಿ" ಅಂತ ಕೂಗಿದರೆ ಕಿವಿ ಕೇಳದವರ ಹಾಗೆ ನಿಲ್ಲುತ್ತಾರಂತೆ. ಕೇಳುವುದೂ ಇಲ್ಲ, ಆ ಮಾತು ಬೇರೆ. ಮೊನ್ನೆ ಹಣೆ ಉಬ್ಬಿಸಿಕೊಂಡು ಬಂದು, "ಇವತ್ತಿನ ಡ್ರೈವರ್ ಒಂದು ನಾಯಿ ಉಳಿಸಿದ" ಅಂದರು. ಅಷ್ಟೇ ಹೇಳಿ ಊಟಕ್ಕೆ ಕೂತರು. ಊಟ ಮಾಡಲಿಲ್ಲ.

ನಿಮ್ಮಿಬ್ಬರನ್ನೂ ಒಂದೇ ಅಚ್ಚಿನಲ್ಲಿ ಹಾಕಿ ತೆಗೆದಿದ್ದಾರೆ. ನಿಂತರೆ ನಿಂತೇಬಿಡುತ್ತೀರಿ, ಓಡಿದರೆ ಓಡೇಬಿಡುತ್ತೀರಿ. ಹೊರಗಿನಿಂದ ಬಲ ಬಂದು ಬೀಳುವವರೆಗೆ ಅಂತ ನಿಮ್ಮ ಪುಸ್ತಕದಲ್ಲೇ ಇದೆಯಂತಲ್ಲ, ಈ ಮನೆಯಲ್ಲಿ ಆ ಬಲ ನಾನು. ರೈಲಿಗೆ ಟಿಕೆಟ್ ತೆಗೆಸಿದ್ದೇನೆ, ನಿಮ್ಮಪ್ಪನನ್ನು ಒಂದನೇ ತಾರೀಕು ಹತ್ತಿಸುತ್ತೇನೆ. ಜಗಳ ಆಡುವುದಿದ್ದರೆ ಎದುರುಬದುರು ಆಡಿಕೊಳ್ಳಿ. ಪರೀಕ್ಷೆಗೆ ಹೋಗುವುದಿಲ್ಲ ಅನ್ನುವ ಮಾತು ಇನ್ನೊಂದು ಸಲ ನನ್ನ ಕಿವಿಗೆ ಬೀಳಬಾರದು.

ಅವರ ಬಿಳಿ ಅಂಗಿಗೆ ಗುಂಡಿ ಹಾಕಿಲ್ಲ, ನೀನು ಹಾಕಿಕೊಡು.

ಅಮ್ಮ


ನವೆಂಬರ್ ೮

ಬುಗುರಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಸಹಿಸಿಕೋ. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್. ನಿನ್ನ ಅಮ್ಮ ಇನ್ನೂ ಬೈದು ಮುಗಿಸಿಲ್ಲ. ಊಟಕ್ಕೆ ನಿಲ್ಲಿಸುತ್ತಾಳೆ, ಆಮೇಲೆ ಬಿಟ್ಟಲ್ಲಿಂದ ಹಿಡಿಯುತ್ತಾಳೆ.

ಅಲ್ಲಿ ಆಸ್ಪತ್ರೆಯಲ್ಲಿ ನೀನು ಅತ್ತಿದ್ದೇ ಆಯಿತು, ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ನಿನಗೆ ಕಂಡಿದ್ದು ಮುಂದಿನ ಡ್ರಮ್ ಒಂದೇ. ನಿನ್ನ ಬೆನ್ನ ಹಿಂದೆ ನಡೆದದ್ದನ್ನು ನಾನು ಹೇಳಬೇಕು.

ಊಟದ ಹೊತ್ತಿನಲ್ಲಿ ನಿನ್ನ ಕಂಡಕ್ಟರ್ ಅಭ್ಯಾಸಕ್ಕೆಂದು ಡಿಪೋ ಅಂಗಳ ಖಾಲಿ ಮಾಡಿಸಿ ಕೊಟ್ಟಾಗ, ಲೋಟ ಇಡುವುದಕ್ಕೆಂದು ನಾನು ಬಂದಿದ್ದೇನೆ ಎಂದುಕೊಂಡೆಯಲ್ಲವೇ? ನನ್ನ ಚೀಲದಲ್ಲಿ ಲೋಟ ಇರಲೇ ಇಲ್ಲ. ನಾನು ನಡುವೆ ಬಂದು ಕೈ ಬಿಟ್ಟು ನಿಂತದ್ದನ್ನು ನೀನು ಕನ್ನಡಿಯಲ್ಲಿ ನೋಡಿದೆ, ಬಸ್ಸು ನಿಲ್ಲಿಸಿಬಿಟ್ಟೆ. "ಅಪ್ಪಾ, ಕೂತ್ಕೊಳ್ಳಿ" ಎಂದೆ. ನಾನು ಕೂತಿದ್ದರೆ ನೀನು ಡ್ರಮ್ ಮುಂದೆ ನಿಲ್ಲಿಸುತ್ತಿದ್ದೆಯೋ ಏನೋ. ಅದರಿಂದ ಏನು ಪ್ರಯೋಜನ? ನಾಳೆ ಬಸ್ಸಿನಲ್ಲಿ ಜನ ನಿಂತಿರುತ್ತಾರೆ. ನಿನ್ನ ಕಾಲು ಹೆದರುವುದು ನೀರಿಗಲ್ಲ, ನಿನ್ನ ಅಜ್ಜಿ ಬಿದ್ದ ಕಥೆಗೆ. ಅದನ್ನು ನಿನ್ನ ಕಾಲಿಗೆ ಇಳಿಸಿದವನು ನಾನು, ತೆಗೆಯಬೇಕಾದವನೂ ನಾನೇ.

ಮೊದಲನೇ ಸಲ ಕಂಡಕ್ಟರ್ ಬಾವುಟ ಬೀಸಿದ, ನೀನು ಮೆತ್ತಗೆ ಒತ್ತಿದೆ, ಡ್ರಮ್ ಬಿತ್ತು. ನಾನು ಕಂಬದ ಹಾಗೆ ನಿಂತಿದ್ದೆ. ಎಷ್ಟು ಚೆನ್ನಾಗಿ ಒತ್ತಿದೆ ಎಂದು ಒಂದು ಕ್ಷಣ ಹೆಮ್ಮೆಯಾಯಿತು, ನೋಡು ನನ್ನ ಹಣೆಬರಹ! ಎರಡನೇ ಸಲವೂ ಹಾಗೇ. ಆಗ ನಾನು ಕೂಗಿದೆ: "ನಾನ್ ನೀರಲ್ಲ ಕಣೇ! ನಾನ್ ಬಿದ್ರೆ ಏಳ್ತೀನಿ. ಮುಂದಿರೋನ್ ಏಳಲ್ಲ!" ಅಷ್ಟು ಜೋರಾಗಿ ಕೂಗಿದೆನೆಂದು ಗೊತ್ತಿರಲಿಲ್ಲ, ಬಾವುಟ ಹಿಡಿದಿದ್ದ ಕಂಡಕ್ಟರ್ ಅದನ್ನು ಕೆಳಗೆ ಬಿಟ್ಟನಂತೆ.

ಮೂರನೇ ಸಲ ನೀನು ಒತ್ತಿದೆ. ಬಸ್ಸು ನಿಂತಿತು. ನಾನು ನಿಲ್ಲಲಿಲ್ಲ. ಪುಸ್ತಕದಲ್ಲಿ ಹೇಳಿದ ಹಾಗೆಯೇ, ಅಕ್ಷರ ತಪ್ಪದೆ, ನಾನು ಹಿಂದಿನ ವೇಗದಲ್ಲೇ ಮುಂದಕ್ಕೆ ಹೋದೆ. ಎಷ್ಟೋ ಸಲ ಕಪ್ಪು ಹಲಗೆಯ ಮೇಲೆ ಬರೆದದ್ದು ಮೈಮೇಲೆ ಬಂದದ್ದು ಅದೇ ಮೊದಲು. ಹಾರುವಾಗ ನನ್ನಮ್ಮನ ನೆನಪಾಯಿತು. ಅವಳನ್ನು ಬೀಳಿಸಿದ ಡ್ರೈವರನಿಗೆ ಜೀವಮಾನವಿಡೀ ಶಾಪ ಹಾಕಿದ್ದೇನೆ. ಅವನ ಮುಂದೆ ರಸ್ತೆಯಲ್ಲಿ ಆವತ್ತು ಯಾರಿದ್ದರು ಎಂದು ಒಂದು ದಿನವೂ ಕೇಳಿರಲಿಲ್ಲ.

ಬಾನೆಟ್ ಪಕ್ಕ ಬಿದ್ದಿದ್ದವನು ತಲೆ ಎತ್ತಿ ಗಾಜಿನಾಚೆ ನೋಡಿದೆ. ಡ್ರಮ್ ನಿಂತಿತ್ತು. ನಿನಗೂ ಡ್ರಮ್ಮಿಗೂ ನಡುವೆ ಒಬ್ಬ ಮನುಷ್ಯ ಎದ್ದು ಧೂಳು ಕೊಡವಿಕೊಳ್ಳುವಷ್ಟು ಜಾಗವಿತ್ತು. ನಾನು ನಕ್ಕೆ. ಕೈ ಮುರಿದಿದೆಯೆಂದು ಆಮೇಲೆ ಗೊತ್ತಾದದ್ದು.

ಈ ಸಲ ಲೋಟವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಇಡುವುದು ಬಿಡುವುದು ನಿನ್ನಿಷ್ಟ. ಇಪ್ಪತ್ತನೇ ತಾರೀಕು ಪರೀಕ್ಷೆಗೆ ಹೋಗು. ಅಂಗಿಯ ಗುಂಡಿ ಗಟ್ಟಿಯಾಗಿ ಹಾಕಿದ್ದೀಯ, ಅಷ್ಟು ದೂರ ಹಾರಿದರೂ ಕಿತ್ತು ಬರಲಿಲ್ಲ.

ಅಪ್ಪ


ಜನವರಿ ೨೨

ಅಪ್ಪಾ,

ಪರೀಕ್ಷೆ ಪಾಸಾದ ಸುದ್ದಿಯನ್ನು ಅಮ್ಮ ನಿಮ್ಮ ಕಿವಿಗೆ ಕೂಗಿ ಹೇಳಿದಳಂತೆ, ಪಕ್ಕದ ಮನೆಯವರಿಗೂ ತಿಳಿಯಿತಂತೆ. ಡಿಸೆಂಬರಿನಿಂದ ಹಳೆಯ ದಾರಿಯಲ್ಲೇ ಓಡಿಸುತ್ತಿದ್ದೇನೆ. ಆದರೂ ಕಾಗದ ಬರೆದಿರಲಿಲ್ಲ. ಡ್ರಮ್ಮಿನ ಮುಂದೆ ನಿಲ್ಲಿಸುವುದು ಬೇರೆ, ರಸ್ತೆಯಲ್ಲಿ ನಿಲ್ಲಿಸುವುದು ಬೇರೆ. ಇಷ್ಟು ದಿನ ಪ್ರತಿ ಸೈಕಲ್ ಕಂಡಾಗಲೂ ಮೊದಲೇ ವೇಗ ಇಳಿಸಿಬಿಡುತ್ತಿದ್ದೆ. ನನ್ನ ಕಾಲನ್ನು ನಾನೇ ನಂಬುತ್ತಿರಲಿಲ್ಲ. ಒಲೆಯವರು ಊರುಗೋಲು ಹಿಡಿದು ನಡೆಯುತ್ತಿದ್ದಾರೆ, ಮಾರುಕಟ್ಟೆಯಲ್ಲಿ ಕಂಡರೆ ಕೋಲು ಎತ್ತಿ ತೋರಿಸುತ್ತಾರೆ. ಅದನ್ನು ನೋಡಿದ ದಿನ ಇನ್ನೂ ಹೆಚ್ಚು ಹೆದರಿಕೆ. ಲೋಟ ಮಾತ್ರ ದಿನವೂ ಇಡುತ್ತಿದ್ದೆ, ಒಂದು ದಿನವೂ ತುಳುಕಲಿಲ್ಲ.

ಇವತ್ತು ಬಸ್ಸಿನಲ್ಲಿದ್ದವರೆಲ್ಲ ನನಗೆ ಬೈದರು.

ಮಾರುಕಟ್ಟೆಯ ತಿರುವಿನಲ್ಲಿ ಅಂಗಡಿಗೆ ಬೋರ್ಡು ಬರೆಯುವವನೊಬ್ಬ ಬಣ್ಣ ಹಚ್ಚುತ್ತಿದ್ದ. ತಾನು ಬರೆದ ಅಕ್ಷರ ಹೇಗೆ ಕಾಣುತ್ತದೆಂದು ನೋಡಲು ಹಿಂದಕ್ಕೆ ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಕಣ್ಣೆಲ್ಲ ಬೋರ್ಡಿನ ಮೇಲೆ, ಬೆನ್ನು ನನ್ನ ಬಸ್ಸಿನ ಕಡೆಗೆ. ನಾನು ಯೋಚನೆ ಮಾಡಲಿಲ್ಲ ಅಪ್ಪಾ. ಯೋಚನೆ ಬರುವ ಮೊದಲೇ ಕಾಲು ಹೋಗಿ ಕೆಲಸ ಮುಗಿಸಿತ್ತು. ಟೈರು ಕಿರುಚಿತು. ಸಂಜೆ ಅದೇ ದಾರಿಯಲ್ಲಿ ಬಂದಾಗ ನೋಡಿದೆ, ರಸ್ತೆಯ ಮೇಲೆ ಎರಡು ಕಪ್ಪು ಗೆರೆಗಳಿವೆ, ನನ್ನವು.

ಅವನಿಗೆ ಏನೂ ಗೊತ್ತಾಗಲಿಲ್ಲ. ಟೈರಿನ ಸದ್ದಿಗೂ ತಿರುಗಲಿಲ್ಲ. ಅಕ್ಷರ ಸೊಟ್ಟಗಿದೆ ಅನ್ನಿಸಿತೋ ಏನೋ, ಮುಂದೆ ಹೋಗಿ ಮತ್ತೆ ಕುಂಚ ಹಿಡಿದ.

ಬಸ್ಸಿನೊಳಗೆ ಮಾತ್ರ ಸಂತೆ. ಯಾರದೋ ಚೀಲದ ಟೊಮೇಟೊ ನನ್ನ ಸೀಟಿನವರೆಗೆ ಉರುಳಿ ಬಂದವು. ಕಂಡಕ್ಟರ್ ಒಬ್ಬ ದಪ್ಪ ಹೆಂಗಸಿನ ಮಡಿಲಲ್ಲಿ ಹೋಗಿ ಕೂತಿದ್ದರು. ಸೂಜಿಯ ಹೆಂಗಸು ಬೆರಳು ಚುಚ್ಚಿಕೊಂಡು ಬಾಯಲ್ಲಿಟ್ಟುಕೊಂಡಿದ್ದಳು. ಎರಡು ಮೂರು ಜನಕ್ಕೆ ಹಣೆ ತಾಗಿತ್ತು, ರಕ್ತ ಯಾರಿಗೂ ಬರಲಿಲ್ಲ, ಎದ್ದು ಒಬ್ಬೊಬ್ಬರನ್ನೇ ನೋಡಿದೆ. ಲೋಟ ಹಾರಿ ಮೆಟ್ಟಿಲಲ್ಲಿ ಬಿದ್ದಿತ್ತು, ನೀರೆಲ್ಲ ನನ್ನ ಪಾದದ ಮೇಲೆ. "ಕುರಿ ತುಂಬ್ಕೊಂಡ್ ಹೋಗ್ತಿದೀಯಾ?" ಎಂದು ಒಬ್ಬರು. "ಜೀವ ತೆಗೀತೀಯಾ?" ಎಂದು ಇನ್ನೊಬ್ಬರು. ಎಲ್ಲರಿಗೂ ಬಸ್ಸಿನ ಒಳಗಾದದ್ದು ಕಾಣುತ್ತಿತ್ತು, ಹೊರಗಿನವನು ಯಾರಿಗೂ ಕಾಣಿಸಿರಲಿಲ್ಲ. ನಾನೂ ತೋರಿಸಲು ಹೋಗಲಿಲ್ಲ. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಕೊನೆಗೆ, ಕೋಲು ಹಿಡಿದ ಮುದುಕಿಯೊಬ್ಬಳು, ಅಜ್ಜಿಯಷ್ಟೇ ವಯಸ್ಸಿನವಳು, ಸೀಟು ಹಿಡಿದುಕೊಂಡು ಮೆಲ್ಲಗೆ ನನ್ನ ಹತ್ತಿರ ಬಂದಳು. ಸಿಟ್ಟಿನಿಂದ ಅವಳ ಗದ್ದ ಅದುರುತ್ತಿತ್ತು.

"ಯಾರೇ ನಿಂಗೆ ಹಿಂಗೆ ಬ್ರೇಕ್ ಹಾಕೋದ್ ಕಲಿಸ್ದೋರು?" ಎಂದಳು.

"ನಮ್ಮಪ್ಪ" ಎಂದೆ.

ಒದ್ದೆ ಕಾಲಿನ ನಿಮ್ಮ
ಬುಗುರಿ